ಬೋಲ್ಟು ಬಿಚ್ಚಿದರೆ ಕೈಗೆ ಬರುವ ಗುರುತು: ಒಂದು ಜಾಗ್ವಾರ್ ಇ-ಟೈಪ್ ಅವಶೇಷದ ಪ್ರಕರಣ ಅಧ್ಯಯನ

ಈ ಪ್ರಕರಣ ನನ್ನ ಬಳಿಗೆ ಬಂದಾಗ ಅದರಲ್ಲಿ ಗುರುತು ಹಿಡಿಯುವ ಪ್ರಶ್ನೆಯೇ ಇರಲಿಲ್ಲ. ಹಳೆಯ ಉಗ್ರಾಣವೊಂದನ್ನು ತೆರವು ಮಾಡುವಾಗ ಸಿಕ್ಕಿದ ಜಾಗ್ವಾರ್ ಇ-ಟೈಪ್ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಅವಶೇಷಗಳನ್ನು ಒಬ್ಬರು ಬಿಡಿಭಾಗಗಳ ಆಸೆಗೆ ಕೊಂಡಿದ್ದರು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಗುಜರಿಗೆ ಹಾಕಬೇಕು ಎಂದು ವಿಂಗಡಿಸಿಕೊಡುವುದಷ್ಟೇ ನನ್ನ ಕೆಲಸವಾಗಿತ್ತು. ಕಾರು ಯಾವುದೆಂಬ ವಿಷಯ ಅವರ ಮಟ್ಟಿಗೆ ಇತ್ಯರ್ಥವಾಗಿತ್ತು: ಜೊತೆಗೆ ಬಂದ ಹಳೆಯ ರಸೀದಿಯಲ್ಲಿ 1963ರ ಕೂಪೆ (ಗಟ್ಟಿ ಛಾವಣಿಯ ಮುಚ್ಚಿದ ಕಾರು) ಎಂದು ಬರೆದಿತ್ತು, ಒಂದು ಚಾಸಿ ಸಂಖ್ಯೆಯೂ, ಅಂದರೆ ಕಾರ್ಖಾನೆ ಪ್ರತಿ ಕಾರಿಗೂ ಕೊಡುವ ಗುರುತಿನ ಸಂಖ್ಯೆಯೂ, ಇತ್ತು, ಮತ್ತು ಅದೇ ಸಂಖ್ಯೆ ಅವಶೇಷದ ಮುಂಭಾಗದ ಚೌಕಟ್ಟಿನ ಮೇಲೆ ಸ್ಪಷ್ಟವಾಗಿ ಒತ್ತಿದ್ದು ಕಾಣುತ್ತಿತ್ತು. ಕಾಗದವೂ ಕಬ್ಬಿಣವೂ ಒಂದೇ ಮಾತು ಹೇಳುತ್ತಿರುವಾಗ ಅನುಮಾನಪಡಲು ಯಾರಿಗೂ ಕಾರಣ ಕಾಣುವುದಿಲ್ಲ. ನನಗೂ ಮೊದಲ ದಿನ ಕಾಣಲಿಲ್ಲ. ಎರಡನೆಯ ದಿನ ನೆಲದ ತಗಡಿನ ಮೇಲಿನ ಕೊಳೆಯನ್ನು ಕೆರೆದು ನೋಡಿದ ಮೇಲೆ, ಆ ಸಂಖ್ಯೆ ಈ ಕಾರಿನದ್ದಾಗಿರಲು ಸಾಧ್ಯವಿಲ್ಲ ಎಂಬುದು ಮನವರಿಕೆಯಾಯಿತು.

ಅಲ್ಲಿಂದ ಮುಂದೆ ನಡೆದ ಪರಿಶೀಲನೆಯನ್ನು, ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಸೇರಿಸಿ, ಇಲ್ಲಿ ದಾಖಲಿಸುತ್ತಿದ್ದೇನೆ. ಮಾಲೀಕರ ಕೋರಿಕೆಯಂತೆ ಕಾರಿನ ಪೂರ್ಣ ಸಂಖ್ಯೆಯನ್ನು ಕೊಟ್ಟಿಲ್ಲ. ಅಪರೂಪದ ಕಾರೊಂದರ ಎಲ್ಲ ಅಂಕಿಗಳೂ ಸಾರ್ವಜನಿಕವಾದರೆ ಅವುಗಳನ್ನು ಇನ್ನೊಂದು ಕಬ್ಬಿಣದ ತುಂಡಿನ ಮೇಲೆ ಒತ್ತಿ ಮಾರುವವರಿಗೆ ಅನುಕೂಲವಾಗುತ್ತದೆ ಎಂಬ ಅವರ ಆತಂಕ ನ್ಯಾಯವಾದದ್ದೇ ಆಗಿದೆ.

ರಾಶಿಯಲ್ಲಿ ಇದ್ದದ್ದು

ಕಾರು ಎಂದು ಕರೆಯಲು ಯೋಗ್ಯವಾದ ಆಕಾರ ಅದಕ್ಕೆ ಉಳಿದಿರಲಿಲ್ಲ. ದೇಹದ ಮಧ್ಯಭಾಗ, ಅಂದರೆ ಎಂಜಿನ್ನಿಗೂ ಪ್ರಯಾಣಿಕರಿಗೂ ನಡುವೆ ನಿಲ್ಲುವ ಗೋಡೆ, ನೆಲ, ಎರಡೂ ಬದಿಯ ಸಿಲ್‌ಗಳು (ಬಾಗಿಲಿನ ಕೆಳಗಿನ ತಗಡಿನ ತೊಲೆಗಳು) ಮತ್ತು ಗೇರ್‌ಬಾಕ್ಸಿನ ಮೇಲೆ ಹಾಯುವ ನಡುವಿನ ಸುರಂಗ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಛಾವಣಿಯನ್ನು ಯಾರೋ ಯಾವಾಗಲೋ ಕತ್ತರಿಸಿ ತೆಗೆದಿದ್ದರು. ಹಿಂಭಾಗದ ತಗಡು ತುಕ್ಕಿನಿಂದ ಜಾಳುಜಾಳಾಗಿತ್ತು. ಮುಂಭಾಗದಲ್ಲಿ ಕೊಳವೆ ಚೌಕಟ್ಟು ಬೋಲ್ಟುಗಳಲ್ಲಿ ಕೂತಿತ್ತು. ಇವಲ್ಲದೆ ಬೇರೆಯಾಗಿ ಬಿದ್ದಿದ್ದ ಆರು ಸಿಲಿಂಡರಿನ ಎಂಜಿನ್, ಗೇರ್‌ಬಾಕ್ಸ್, ಹಿಂಬದಿಯ ಸಸ್ಪೆನ್ಷನ್ ಪಂಜರ, ಬಾನೆಟ್ಟಿನ ಕೆಲವು ತುಂಡುಗಳು, ಎರಡು ತಂತಿಚಕ್ರಗಳು, ಸಣ್ಣಪುಟ್ಟ ಸಾಮಾನಿನ ಒಂದು ಪೆಟ್ಟಿಗೆ ಮತ್ತು ಸೊಟ್ಟಗಾದ ಕೊಳವೆಗಳ ಒಂದು ಕಂತೆ ಇದ್ದವು. ಕಾರಿನ ಎಲ್ಲ ಸಂಖ್ಯೆಗಳನ್ನೂ ಒಟ್ಟಿಗೆ ಹೇಳುವ, ಎಂಜಿನ್ ಕೋಣೆಯಲ್ಲಿರಬೇಕಾದ ತಗಡಿನ ಫಲಕ ಎಲ್ಲೂ ಇರಲಿಲ್ಲ. ದೇಹದ ಸಂಖ್ಯೆಯಿರುವ ಪುಟ್ಟ ಫಲಕವೂ ಸಿಗಲಿಲ್ಲ.

ಇ-ಟೈಪ್ 1961ರ ಮಾರ್ಚ್ 15ರಂದು ಜಿನೀವಾದಲ್ಲಿ ಅನಾವರಣಗೊಂಡಿತು. 1970ರ ದಶಕದ ಮಧ್ಯಭಾಗದವರೆಗೆ ನಡೆದ ತಯಾರಿಕೆಯಲ್ಲಿ 72,000ಕ್ಕೂ ಹೆಚ್ಚು ಕಾರುಗಳು ಕವೆಂಟ್ರಿಯ ಬ್ರೌನ್ಸ್ ಲೇನ್ ಕಾರ್ಖಾನೆಯಿಂದ ಹೊರಬಂದವು. ಆದ್ದರಿಂದ ಇ-ಟೈಪ್ ಎಂಬುದಷ್ಟೇ ಅಪರೂಪವಲ್ಲ. ಆದರೆ ಆರಂಭದ 3.8 ಲೀಟರ್ ಕಾರುಗಳಲ್ಲಿ ಮೊದಲ 500, ಉಳಿದೆಲ್ಲವುಗಳಿಗಿಂತ ಬೇರೆ. ಅವುಗಳ ಬಾನೆಟ್ಟಿನ ಬೀಗ ಹೊರಮೈಯಲ್ಲಿತ್ತು. ‘ಟಿ’ ಆಕಾರದ ಕೀಲಿಯನ್ನು ಎರಡೂ ಪಕ್ಕದ ರಂಧ್ರಗಳಿಗೆ ತೂರಿಸಿ ತಿರುಗಿಸಿದರೆ ಮಾತ್ರ ಬಾನೆಟ್ ತೆರೆಯುತ್ತಿತ್ತು. ಅನಂತರ ಕಾರ್ಖಾನೆಯು ಬೀಗವನ್ನು ಕಾರಿನೊಳಗಿನ ಲಿವರ್‌ಗಳಿಗೆ ಬದಲಾಯಿಸಿತು. ಆ 500ರಲ್ಲಿ 476 ತೆರೆದ ರೋಡ್‌ಸ್ಟರ್‌ಗಳು, 24 ಮಾತ್ರ ಕೂಪೆಗಳು; ಆ 24ರಲ್ಲಿಯೂ ಬಲಬದಿಯ ಸ್ಟಿಯರಿಂಗಿನವು ನಾಲ್ಕು, ಎಡಬದಿಯವು ಇಪ್ಪತ್ತು. ಎಡಬದಿ ಸ್ಟಿಯರಿಂಗಿನ ಕೂಪೆಗಳ ಸಂಖ್ಯೆ 885001ರಿಂದ ಆರಂಭವಾಗುವುದರಿಂದ ಈ ಇಪ್ಪತ್ತರ ಸಾಲು 885020ಕ್ಕೆ ಮುಗಿಯುತ್ತದೆ. ಜಿನೀವಾದಲ್ಲಿ ಜಗತ್ತಿಗೆ ಪರಿಚಯವಾದ, ನೋಂದಣಿ ಫಲಕದಲ್ಲಿ ‘9600 ಎಚ್‌ಪಿ’ ಎಂದಿದ್ದ ಪ್ರಸಿದ್ಧ ಕೂಪೆ ಇದೇ ಸಾಲಿನ 885002.

ನಮ್ಮ ರಸೀದಿಯಲ್ಲಿದ್ದ ಸಂಖ್ಯೆಯೂ 885001ರಿಂದ ಶುರುವಾದ ಅದೇ ಸರಣಿಯದೇ, ಆದರೆ ಸಾವಿರಗಟ್ಟಲೆ ಕಾರುಗಳ ನಂತರದ್ದು.

ಸಂಖ್ಯೆ ಕೂತಿರುವ ಜಾಗ

ಇ-ಟೈಪ್ ಕಾರಿನ ರಚನೆಯನ್ನು ಸ್ವಲ್ಪ ವಿವರವಾಗಿ ಹೇಳದೆ ಈ ಪ್ರಕರಣದ ಗಂಟು ಬಿಡಿಸಲಾಗುವುದಿಲ್ಲ. ಮಾಲ್ಕಮ್ ಸೇಯರ್ ರೂಪಿಸಿದ ಈ ಕಾರಿನ ಮಧ್ಯಭಾಗ ಮತ್ತು ಹಿಂಭಾಗ ತಗಡನ್ನು ಬೆಸೆದು ಮಾಡಿದ ಒಂದೇ ಗಟ್ಟಿ ಪೆಟ್ಟಿಗೆ. ಅದಕ್ಕೆ ಮುಂದೆ ಚೌಕಾಕಾರದ ಉಕ್ಕಿನ ಕೊಳವೆಗಳ ಚೌಕಟ್ಟುಗಳನ್ನು ಬೋಲ್ಟು ಹಾಕಿ ಸೇರಿಸಿರುತ್ತಾರೆ: ಎಡಕ್ಕೊಂದು, ಬಲಕ್ಕೊಂದು ಪಕ್ಕದ ಚೌಕಟ್ಟು, ಅವುಗಳ ಮುಂದೆ ಅಡ್ಡಲಾಗಿ ಪಟದ ಕಟ್ಟಿನಂತೆ ನಿಲ್ಲುವ ಇನ್ನೊಂದು ಚೌಕಟ್ಟು, ಅದಕ್ಕೂ ಮುಂದೆ ಬಾನೆಟ್ಟನ್ನು ಹೊರುವ ಹಗುರವಾದ ಚೌಕಟ್ಟು. ಎಂಜಿನ್ ಮತ್ತು ಮುಂದಿನ ಸಸ್ಪೆನ್ಷನ್ ಇವೆಲ್ಲವೂ ಈ ಕೊಳವೆಗಳ ಮೇಲೆಯೇ ನಿಲ್ಲುತ್ತವೆ. ಹಿಂಬದಿಯ ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಎರಡೂ ಹಿಂಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ), ಅದರ ಎರಡೂ ಮಗ್ಗುಲಿಗೆ ಒಳಗೇ ಕೂತಿರುವ ಡಿಸ್ಕ್ ಬ್ರೇಕುಗಳು ಮತ್ತು ನಾಲ್ಕು ಸ್ಪ್ರಿಂಗುಗಳು ಕೂಡ ಒಂದು ಉಕ್ಕಿನ ಪಂಜರದಲ್ಲಿದ್ದು, ಕೆಲವು ಬೋಲ್ಟುಗಳನ್ನು ಬಿಚ್ಚಿದರೆ ಇಡಿಯಾಗಿ ಕೆಳಗಿಳಿಯುತ್ತವೆ.

ಕಾರಿನ ಚಾಸಿ ಸಂಖ್ಯೆಯನ್ನು ಕಾರ್ಖಾನೆಯವರು ಒತ್ತಿದ್ದು ಮುಂದಿನ ಅಡ್ಡ ಚೌಕಟ್ಟಿನ ಬಲಭಾಗದಲ್ಲಿ, ಶಾಕ್ ಅಬ್ಸಾರ್ಬರ್ ಸೇರುವ ಜಾಗದ ಮೇಲ್ಗಡೆ. ಅಂದರೆ ಕಾರಿನ ಕಾನೂನುಬದ್ಧ ಗುರುತು, ಕಾರಿನಿಂದ ಬೋಲ್ಟು ಬಿಚ್ಚಿ ತೆಗೆಯಬಹುದಾದ ಒಂದು ಭಾಗದ ಮೇಲೆ ಇದೆ. ಆ ಕೊಳವೆಗಳಾದರೋ ತೆಳುವಾದವು. ಒಳಗಿನಿಂದಲೇ ತುಕ್ಕು ಹಿಡಿಯುತ್ತವೆ, ಮುಂಭಾಗಕ್ಕೆ ಪೆಟ್ಟು ಬಿದ್ದರೆ ಮೊದಲು ಬಾಗುತ್ತವೆ. ಬಾಗಿದ್ದನ್ನು ಬೆಂಕಿ ತೋರಿಸಿ ನೆಟ್ಟಗೆ ಮಾಡಿದರೆ ಬಲ ಕುಂದುತ್ತದೆ ಎಂಬ ಕಾರಣಕ್ಕೆ ಬದಲಾಯಿಸುವುದೇ ಸರಿಯಾದ ದುರಸ್ತಿ. ಹೀಗಾಗಿ ಬೇರೊಂದು ಕಾರಿನಿಂದ ಬಿಚ್ಚಿದ ಚೌಕಟ್ಟನ್ನು ಹಾಕಿಕೊಂಡ ಕಾರು, ಯಾರಿಗೂ ಮೋಸ ಮಾಡುವ ಉದ್ದೇಶವಿಲ್ಲದಿದ್ದರೂ, ಬೇರೊಂದು ಕಾರಿನ ಹೆಸರನ್ನು ಹೊತ್ತುಕೊಂಡು ಓಡಾಡಲು ಶುರುಮಾಡುತ್ತದೆ.

ಆದ್ದರಿಂದ ಒಂದು ಅವಶೇಷದ ಮುಂದೆ ನಿಂತಾಗ ಒತ್ತಿದ ಸಂಖ್ಯೆಯನ್ನು ಕೊನೆಯಲ್ಲಿ ಓದಬೇಕು ಎಂಬುದು ನನ್ನ ನಿಲುವು. ಯಾವ ಸಾಕ್ಷ್ಯವನ್ನು ಕಾರಿನಿಂದ ತೆಗೆಯುವುದು ಅತ್ಯಂತ ಕಷ್ಟವೋ ಅದಕ್ಕೆ ಮೊದಲ ಮನ್ನಣೆ ಸಲ್ಲಬೇಕು. ಸ್ಪ್ಯಾನರಿಗೆ ಮಣಿಯುವ ಸಾಕ್ಷ್ಯಕ್ಕೆ ಕಡಿಮೆ ಬೆಲೆ ಕೊಡಬೇಕು. ಬೆಸೆದ ತಗಡು, ಅದರ ಮೇಲೆ ಪದರಪದರವಾಗಿ ಕೂತ ಬಣ್ಣ, ಒಂದು ರಂಧ್ರ ಬಣ್ಣಕ್ಕಿಂತ ಮೊದಲು ಬಂದದ್ದೋ ಆಮೇಲೆ ಬಂದದ್ದೋ ಎಂಬುದು, ಇವು ಮೊದಲ ಸಾಲಿನವು. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎರಡನೆಯ ಸಾಲಿನವು. ಕಾಗದ ಮತ್ತು ಫಲಕ ಕೊನೆಯ ಸಾಲಿನವು, ಏಕೆಂದರೆ ಅವು ಜೇಬಿನಲ್ಲಿ ಹೋಗಬಲ್ಲವು.

ನೆಲ ಹೇಳಿದ್ದು

ಮೊದಲ ಇ-ಟೈಪ್‌ಗಳ ನೆಲ ಸಂಪೂರ್ಣ ಸಮತಟ್ಟಾಗಿತ್ತು. ಎತ್ತರದವರಿಗೆ ಕಾಲು ಚಾಚಲು ಜಾಗ ಸಾಲುವುದಿಲ್ಲ ಎಂಬ ದೂರು ಬಂದದ್ದರಿಂದ 1962ರಲ್ಲಿ ಪಾದಗಳಿರುವ ಕಡೆ ನೆಲವನ್ನು ತಗ್ಗಿಸಿ ಕುಣಿಯಂತೆ ಮಾಡಿದರು. ಇಂದಿಗೂ ಈ ಕಾರುಗಳನ್ನು ಬಲ್ಲವರು ಮೊದಲು ಬಗ್ಗಿ ನೋಡುವುದು ನೆಲವನ್ನೇ. ನಮ್ಮ ಅವಶೇಷದ ನೆಲದ ಮೇಲೆ ಇಲಿಗಳ ಗೂಡು, ಕೊಳೆತ ಜಮಖಾನ ಮತ್ತು ಗಟ್ಟಿಯಾದ ಡಾಂಬರಿನ ಹಾಳೆ ಸೇರಿ ನಾಲ್ಕು ಬೆರಳಿನಷ್ಟು ದಪ್ಪದ ಪದರವಾಗಿತ್ತು. ಅದನ್ನು ಮರದ ಚೂಪಿನಿಂದ ಎಬ್ಬಿಸುತ್ತಾ ಹೋದ ಹಾಗೆ ಎರಡೂ ಬದಿಯಲ್ಲಿ ಸಮತಟ್ಟಾದ ತಗಡು ಕಂಡಿತು. ಕುಣಿಯ ಸುಳಿವೂ ಇರಲಿಲ್ಲ. 1963ರ ಕಾರಿಗೆ ಈ ನೆಲ ಇರಲಾರದು.

ಇಷ್ಟಕ್ಕೇ ಸಂಭ್ರಮಪಡುವಂತಿರಲಿಲ್ಲ. ಸಮತಟ್ಟು ನೆಲದ ಕಾರುಗಳಿಗೆ ಹೆಚ್ಚಿನ ಬೆಲೆ ಇರುವುದರಿಂದ ಹೊಸದಾಗಿ ತಯಾರಿಸಿದ ಸಮತಟ್ಟು ತಗಡುಗಳು ಸಿಗುತ್ತವೆ. ನಂತರದ ಕಾರಿನ ನೆಲವನ್ನು ಕತ್ತರಿಸಿ ಅವುಗಳನ್ನು ಬೆಸೆಯುವುದು ಅಸಾಧ್ಯವೇನಲ್ಲ. ಹಾಗಾಗಿ ತಗಡಿನ ಆಕಾರಕ್ಕಿಂತ ಅದರ ಅಂಚು ನನಗೆ ಮುಖ್ಯವಾಯಿತು. ನೆಲವು ಸಿಲ್‌ಗೂ ಸುರಂಗಕ್ಕೂ ಸೇರುವ ಕಡೆ ಕಾರ್ಖಾನೆಯ ಸ್ಪಾಟ್ ವೆಲ್ಡಿಂಗಿನ ಗುರುತುಗಳು, ಅಂದರೆ ಒಂದೇ ಗಾತ್ರದ ಸಣ್ಣ ತಗ್ಗುಗಳು, ಸಾಲಾಗಿ ಇದ್ದವು. ದುರಸ್ತಿ ಮಾಡುವವರು ರಂಧ್ರ ಕೊರೆದು ತುಂಬಿಸುವ ಬೆಸುಗೆಯಲ್ಲಿ ಮೇಲೆ ಉಬ್ಬು ಉಳಿಯುತ್ತದೆ ಅಥವಾ ಅದನ್ನು ಉಜ್ಜಿದ ಗೀರು ಉಳಿಯುತ್ತದೆ. ಇಲ್ಲಿ ಅವೆರಡೂ ಇರಲಿಲ್ಲ. ಸಂದುಗಳಲ್ಲಿ ಹಳೆಯ ಸೀಲರ್ ಒಡೆದು ಬಿರುಕುಬಿಟ್ಟಿತ್ತು, ಆದರೆ ಒಮ್ಮೆಯೂ ಎಬ್ಬಿಸಿ ಮತ್ತೆ ಹಚ್ಚಿದ್ದಲ್ಲ. ಅದರ ಮೇಲಿದ್ದ ಮೊದಲ ಬಣ್ಣದ ತೆಳುಪದರ ನೆಲದಿಂದ ಸುರಂಗದವರೆಗೆ ಎಲ್ಲೂ ಕಡಿಯದೆ ಹರಿದಿತ್ತು. ಆ ಬಣ್ಣ ಕೆಂಪು ಮತ್ತು ಹಸಿರಿನ ಎರಡು ನಂತರದ ಬಣ್ಣಗಳ ಕೆಳಗೆ ಅಡಗಿದ್ದ, ತಿಳಿಯಾದ ಮುತ್ತಿನಂಥ ಬೂದುಬಣ್ಣ.

ಮುಂದಿನ ಗೋಡೆಯಲ್ಲಿ ಇನ್ನೆರಡು ಸಂಗತಿಗಳು ದೊರೆತವು. ಎಡಬದಿಯಲ್ಲಿ ಪೆಡಲ್‌ಗಳ ಪೆಟ್ಟಿಗೆ ಕೂತಿದ್ದ ಜಾಗದ ಕೆಳಗೆ ಬಣ್ಣ ಸುಲಿದು ಬರಿ ಕಬ್ಬಿಣ ಕಾಣುತ್ತಿತ್ತು. ಬ್ರೇಕ್ ಎಣ್ಣೆ ಬಣ್ಣವನ್ನು ತಿನ್ನುತ್ತದೆ. ಅದು ವರ್ಷಗಟ್ಟಲೆ ಎಡಗಡೆಯೇ ಸೋರಿದೆ, ಬಲಗಡೆ ಒಂದು ಹನಿಯೂ ಬಿದ್ದಿಲ್ಲ ಎಂದರೆ ಕಾರು ಎಡಬದಿ ಸ್ಟಿಯರಿಂಗಿನದು. ಇದು ಸಂಖ್ಯೆಯ ಸರಣಿಗೆ ಒಪ್ಪುತ್ತದೆ. ಎರಡನೆಯದು ವೈಪರ್ ಮೋಟಾರು. ಇ-ಟೈಪ್‌ನ ಮೂರು ವೈಪರ್‌ಗಳನ್ನು ನಡೆಸುವ ಲ್ಯೂಕಾಸ್ ಕಂಪನಿಯ ಮೋಟಾರು ಮಾತ್ರ ಹೇಗೋ ತನ್ನ ಜಾಗದಲ್ಲೇ ಉಳಿದಿತ್ತು. ಲ್ಯೂಕಾಸ್ ತನ್ನ ವಿದ್ಯುತ್ ಭಾಗಗಳ ಮೇಲೆ ತಯಾರಾದ ತಿಂಗಳು ಮತ್ತು ವರ್ಷವನ್ನು ಒತ್ತುತ್ತಿತ್ತು. ಇದರ ಮೇಲೆ 1961ರ ಮೊದಲರ್ಧದ ಗುರುತಿತ್ತು. ಬೋಲ್ಟು ಬಿಚ್ಚಿ ಬದಲಾಯಿಸಬಹುದಾದ ಭಾಗವಾದ್ದರಿಂದ ಇದಕ್ಕೆ ನಾನು ಹೆಚ್ಚಿನ ತೂಕ ಕೊಡಲಿಲ್ಲ, ಆದರೆ ಅದರ ಬೋಲ್ಟುಗಳ ತಲೆಯ ಮೇಲೆ ಮೂರೂ ಬಣ್ಣಗಳು ಒಡೆಯದೆ ಕೂತಿದ್ದವೆಂಬುದನ್ನು ಬರೆದುಕೊಂಡೆ.

ಚಿನ್ನದ ಬಣ್ಣದ ಎಂಜಿನ್

ಮಾಲೀಕರಿಗೆ ಹೆಚ್ಚು ಅಕ್ಕರೆ ಇದ್ದದ್ದು ಎಂಜಿನ್ನಿನ ಮೇಲೆ. ಎಕ್ಸ್‌ಕೆ ಸರಣಿಯ 3,781 ಘನ ಸೆಂಟಿಮೀಟರಿನ ಎಂಜಿನ್ ಅದು. ಸಿಲಿಂಡರ್ ಹೆಡ್ಡಿನ, ಅಂದರೆ ಎಂಜಿನ್ನಿನ ಮೇಲ್ಭಾಗದ, ಸಂದುಗಳಲ್ಲಿ ಚಿನ್ನದ ಬಣ್ಣ ಇನ್ನೂ ಉಳಿದಿತ್ತು. ಇ-ಟೈಪ್ ಎಂಜಿನ್ನಿನ ಹೆಡ್ಡಿಗೆ ಕಾರ್ಖಾನೆ ಬಳಿಯುತ್ತಿದ್ದದ್ದು ಚಿನ್ನದ ಬಣ್ಣವೇ ಆದ್ದರಿಂದ ಇದು ಮೂಲ ಎಂಜಿನ್ ಎಂದು ಅವರು ನಂಬಿದ್ದರು.

ಎಕ್ಸ್‌ಕೆ ಎಂಜಿನ್ನಿನ ಸಂಖ್ಯೆ ಎರಡು ಕಡೆ ಇರುತ್ತದೆ: ಬ್ಲಾಕಿನ ಬಲಬದಿಯಲ್ಲಿ ಆಯಿಲ್ ಫಿಲ್ಟರಿನ ಮೇಲ್ಗಡೆ ಒಮ್ಮೆ, ಹೆಡ್ಡಿನ ಮುಂತುದಿಯಲ್ಲಿ ಇನ್ನೊಮ್ಮೆ. 3.8 ಇ-ಟೈಪ್ ಎಂಜಿನ್ನಿನ ಸಂಖ್ಯೆ ‘ಆರ್’ ಅಕ್ಷರದಿಂದ ಆರಂಭವಾಗಿ, ಕೊನೆಯಲ್ಲಿ ಕಂಪ್ರೆಷನ್ ಅನುಪಾತವನ್ನು ಸೂಚಿಸುವ 8 ಅಥವಾ 9ರ ಅಂಕಿಯನ್ನು ಹೊತ್ತಿರುತ್ತದೆ. ನಾವು ಜಿಡ್ಡು ತೆಗೆದಾಗ ಎರಡೂ ಕಡೆ ‘ಝಡ್‌ಎ’ ಎಂದಿತ್ತು. ಅದು ಮಾರ್ಕ್ 10 ಎಂಬ ದೊಡ್ಡ ಸಲೂನ್ ಕಾರಿನ ಎಂಜಿನ್. ಅದೇ ಗಾತ್ರ, ಅದೇ ಮೂರು ಎಸ್‌ಯು ಕಾರ್ಬ್ಯುರೇಟರ್, ಅದೇ ಘೋಷಿತ 265 ಅಶ್ವಶಕ್ತಿ, ಅದೇ ಚಿನ್ನದ ಬಣ್ಣ. ಕೆಟ್ಟುಹೋದ ಇ-ಟೈಪ್ ಎಂಜಿನ್ನಿನ ಬದಲು ಗುಜರಿ ಸೇರಿದ ಮಾರ್ಕ್ 10ರಿಂದ ಎಂಜಿನ್ ತೆಗೆದು ಹಾಕುವುದು ಒಂದು ಕಾಲದಲ್ಲಿ ಅತ್ಯಂತ ಸಹಜವಾದ ದುರಸ್ತಿಯಾಗಿತ್ತು. ಮಾರ್ಕ್ 10 ಹೊರಬಂದದ್ದೇ 1961ರ ಅಕ್ಟೋಬರಿನಲ್ಲಿ. ಹಾಗಾಗಿ ಈ ಎಂಜಿನ್ ನಮ್ಮ ಕಾರಿನ ಹುಟ್ಟಿನ ಬಗ್ಗೆ ಏನನ್ನೂ ಹೇಳದು. ಮಾಲೀಕರ ಮುಖ ಸಣ್ಣಗಾಯಿತು. ಆದರೆ ಬಣ್ಣವನ್ನು ನಂಬಿ ವರದಿಯಲ್ಲಿ ‘ಮೂಲ ಎಂಜಿನ್’ ಎಂದು ಬರೆದಿದ್ದರೆ, ಮುಂದೆ ಇನ್ನೊಬ್ಬರು ಅದೇ ಸಂಖ್ಯೆಯನ್ನು ಓದಿದ ದಿನ ಇಡೀ ವರದಿಯೇ ಕುಸಿಯುತ್ತಿತ್ತು.

ಗೇರ್‌ಬಾಕ್ಸ್ ಇದಕ್ಕೆ ವ್ಯತಿರಿಕ್ತವಾಗಿತ್ತು. ಮೊದಲ ಗೇರಿಗೆ ಸಿಂಕ್ರೊ (ಗೇರು ಸುಲಭವಾಗಿ ಬೀಳಲು ನೆರವಾಗುವ ಭಾಗ) ಇಲ್ಲದ, ಮಾಸ್ ಎಂಬ ಮಾದರಿಯ ಗೇರ್‌ಬಾಕ್ಸಿನ ಸಂಖ್ಯೆ ಎರಕದ ಭುಜದ ಮೇಲೂ ಮೇಲ್ಮುಚ್ಚಳದ ಅಂಚಿನಲ್ಲೂ ಒಂದೇ ಆಗಿತ್ತು. ಇ-ಟೈಪ್‌ಗೆ ಸಲ್ಲುವ ‘ಇಬಿ’ ಮತ್ತು ‘ಜೆಎಸ್’ ಅಕ್ಷರಗಳ ನಡುವೆ ಸರಣಿಯ ಬಹಳ ಆರಂಭದ ಕ್ರಮಸಂಖ್ಯೆಯಿತ್ತು. ಹಿಂಬದಿಯ ಪಂಜರದಲ್ಲಿ ಸಾಲ್ಸ್‌ಬರಿ ಡಿಫರೆನ್ಷಿಯಲ್ಲಿನ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಚೀಟಿಯಲ್ಲಿ 43/13 ಎಂದಿತ್ತು, ಅಂದರೆ 3.31ರ ಅನುಪಾತ. ಹ್ಯಾಂಡ್‌ಬ್ರೇಕಿನ ಕ್ಯಾಲಿಪರ್‌ಗಳು (ಡಿಸ್ಕನ್ನು ಹಿಡಿದು ನಿಲ್ಲಿಸುವ ಹಿಡಿಕೆಗಳು) ತಾವಾಗಿ ಹೊಂದಿಕೊಳ್ಳದ ಮೊದಲ ಮಾದರಿಯವು. ಇವೆಲ್ಲ ಆರಂಭದ ಕಾರಿಗೆ ಒಪ್ಪುತ್ತವೆ ಎಂದಷ್ಟೇ ಹೇಳಬಹುದಿತ್ತು.

ಬೀಗದ ರಂಧ್ರ

ನೆಲ ಸಮತಟ್ಟಾಗಿದೆ ಎಂಬುದರಿಂದ ಕಾರು 1961ರಿಂದ 1962ರ ಆರಂಭದೊಳಗಿನದು ಎಂದಾಯಿತು. ಆದರೆ ಹೊರಬೀಗದ ಇಪ್ಪತ್ತರಲ್ಲಿ ಇದೂ ಒಂದೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು, ಏಕೆಂದರೆ ಪ್ರಯಾಣಿಕರ ಕೋಣೆಯ ಎರಡೂ ಪಕ್ಕದಲ್ಲಿ ಒಳಗಿನ ಲಿವರ್‌ಗಳಿಗೆ ಬೇಕಾದ ರಂಧ್ರಗಳು ಇದ್ದವು. ಮೇಲ್ನೋಟಕ್ಕೆ ಇದು ನಂತರದ ಕಾರು ಎಂದು ಹೇಳಲು ಅಷ್ಟೇ ಸಾಕಿತ್ತು.

ಆ ರಂಧ್ರಗಳನ್ನು ಭೂತಗನ್ನಡಿಯಲ್ಲಿ ನೋಡುವುದಕ್ಕೆ ಅರ್ಧ ದಿನ ಹಿಡಿಯಿತು. ಕಾರ್ಖಾನೆಯಲ್ಲಿ ಕೊರೆದ ರಂಧ್ರ ಬಣ್ಣದ ಕೋಣೆಗೆ ಹೋಗುವ ಮೊದಲೇ ಇರುತ್ತದೆ, ಹಾಗಾಗಿ ಅದರ ಒಳ ಅಂಚಿಗೂ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಪದರ) ಮತ್ತು ಮೊದಲ ಬಣ್ಣ ಇಳಿದಿರುತ್ತದೆ. ಇಲ್ಲಿನ ರಂಧ್ರಗಳ ಅಂಚಿನಲ್ಲಿ ಪ್ರೈಮರ್ ಇರಲಿಲ್ಲ, ಬೂದುಬಣ್ಣವೂ ಇರಲಿಲ್ಲ. ಬರಿ ತಗಡಿನ ಮೇಲೆ ನೇರವಾಗಿ ಎರಡನೆಯ ಬಣ್ಣವಾದ ಕೆಂಪು ಕೂತಿತ್ತು. ಹಿಂಬದಿಯಲ್ಲಿ ಕೈ ಡ್ರಿಲ್ಲಿನ ಮುಳ್ಳು ಅಂಚು ಹಾಗೇ ಇತ್ತು. ಎಡ ಮತ್ತು ಬಲದ ರಂಧ್ರಗಳ ಅಂತರವೂ ಒಂದೇ ಆಗಿರಲಿಲ್ಲ. ಅಂದರೆ ಕಾರು ಬೂದುಬಣ್ಣದಲ್ಲಿ ಕಾರ್ಖಾನೆಯಿಂದ ಹೊರಟಾಗ ಈ ರಂಧ್ರಗಳಿರಲಿಲ್ಲ. ಯಾರೋ ಆಮೇಲೆ ಒಳಲಿವರ್ ಹಾಕಿಸಿ, ಅದೇ ಸಂದರ್ಭದಲ್ಲಿ ಕಾರಿಗೆ ಕೆಂಪು ಬಳಿಸಿದ್ದಾರೆ. ಕೀಲಿ ಕಳೆದುಕೊಂಡರೆ ಬಾನೆಟ್ಟೇ ತೆರೆಯಲಾಗದ ಹೊರಬೀಗವನ್ನು ಬದಲಾಯಿಸಿದ್ದರೆ ಅದರಲ್ಲಿ ಅಚ್ಚರಿಯಿಲ್ಲ.

ಇದಕ್ಕೆ ಜೋಡಿ ಸಾಕ್ಷ್ಯ ಬಾನೆಟ್ಟಿನ ತುಂಡುಗಳಲ್ಲಿ ಸಿಕ್ಕಿತು. ಕೆಳ ಅಂಚಿನ ಒಂದು ತುಂಡಿನ ಹಿಂಬದಿಯಲ್ಲಿ ಹಿತ್ತಾಳೆಯಿಂದ ಬೆಸೆದು ಮುಚ್ಚಿದ ರಂಧ್ರವಿತ್ತು. ಮುಚ್ಚಿದ ತೇಪೆಯ ಮೇಲೆ ಕೆಂಪು ಇತ್ತು, ಅದರ ಕೆಳಗೆ ಬೂದು ಇರಲಿಲ್ಲ. ತೇಪೆಯ ಸುತ್ತಲಿನ ಮೂಲ ತಗಡಿನ ಮೇಲೆ ಎರಡೂ ಇದ್ದವು. ಬಾನೆಟ್ಟಿನ ಗಾಳಿಕಿಂಡಿಗಳ ಭಾಗವೂ ಪ್ರತ್ಯೇಕವಾಗಿ ಮಾಡಿ ಬೆಸೆದದ್ದಾಗಿತ್ತು. ಇದು ತೀರಾ ಮೊದಲ ಕಾರುಗಳ ಪದ್ಧತಿ, ಮುಂದೆ ಕಿಂಡಿಗಳನ್ನು ಬಾನೆಟ್ಟಿನ ತಗಡಿನಲ್ಲೇ ಒತ್ತಿ ತೆಗೆಯುತ್ತಿದ್ದರು. ಬಾನೆಟ್ ಬೋಲ್ಟಿನ ಭಾಗವೇ ಆದರೂ ಅದರ ಬಣ್ಣದ ಚರಿತ್ರೆಯೂ ದೇಹದ ಬಣ್ಣದ ಚರಿತ್ರೆಯೂ ಒಂದೇ ಕ್ರಮದಲ್ಲಿ ನಡೆದಿರುವುದರಿಂದ ಇವೆರಡು ಕನಿಷ್ಠಪಕ್ಷ ಕೆಂಪು ಬಳಿದ ಕಾಲದಿಂದಲೂ, ಬಹುಮಟ್ಟಿಗೆ ಹುಟ್ಟಿನಿಂದಲೂ ಜೊತೆಗಿದ್ದವು ಎಂದು ತೀರ್ಮಾನಿಸಿದೆ.

ಸೊಟ್ಟ ಕೊಳವೆಗಳ ಕಂತೆ

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. ಮೊದಲ ದಿನದ ವಿಂಗಡಣೆಯಲ್ಲಿ ಸೊಟ್ಟ ಕೊಳವೆಗಳ ಕಂತೆಯನ್ನು ನಾನೇ ಗುಜರಿಯ ಬದಿಗೆ ಇಟ್ಟಿದ್ದೆ. ದೇಹಕ್ಕೆ ಬೋಲ್ಟಾಗಿದ್ದ ಚೌಕಟ್ಟು ಬೇರೆ ಕಾರಿನದು ಎಂದು ಖಚಿತವಾದ ಮೇಲೆ, ಹಾಗಾದರೆ ಮೂಲ ಚೌಕಟ್ಟು ಎಲ್ಲಿ ಹೋಯಿತು ಎಂಬ ಪ್ರಶ್ನೆ ಎದ್ದಾಗಲೇ ಆ ಕಂತೆಯ ನೆನಪಾದದ್ದು. ಅದೃಷ್ಟವಶಾತ್ ಗುಜರಿ ಲಾರಿ ಇನ್ನೂ ಬಂದಿರಲಿಲ್ಲ. ಕಂತೆಯ ತಂತಿ ಬಿಚ್ಚಿದಾಗ ಮಧ್ಯದಲ್ಲಿ ಅಡ್ಡ ಚೌಕಟ್ಟೊಂದು ಇತ್ತು. ಎಡಮೂಲೆ ಒಳಕ್ಕೆ ಮಡಿಸಿಹೋಗಿತ್ತು, ಬಲಭಾಗ ನೇರವಾಗಿತ್ತು. ಅದರ ಮೇಲೆ ಬೂದು ಮತ್ತು ಕೆಂಪು ಇದ್ದವು, ಹಸಿರು ಇರಲಿಲ್ಲ. ದೇಹಕ್ಕೆ ಬೋಲ್ಟಾಗಿದ್ದ ಚೌಕಟ್ಟಿನ ಮೇಲೆ ದೇಹದ ಮೇಲಿದ್ದ ಹಸಿರೇ ಇತ್ತು, ಕೆಳಗೆ ನಮಗೆ ಪರಿಚಯವಿಲ್ಲದ ಒಂದು ನೀಲಿ. ಘಟನೆಯ ಕ್ರಮ ಇದರಿಂದ ತಾನಾಗಿ ಬಿಚ್ಚಿಕೊಂಡಿತು: ಕೆಂಪಾಗಿದ್ದಾಗ ಕಾರಿನ ಎಡ ಮುಂಭಾಗಕ್ಕೆ ಪೆಟ್ಟು ಬಿತ್ತು, ನೀಲಿ ಕಾರೊಂದರ ಚೌಕಟ್ಟನ್ನು ತಂದು ಹಾಕಿದರು, ಇಡೀ ಕಾರಿಗೆ ಹಸಿರು ಬಳಿದರು, ಕಾಗದವನ್ನು ಹೊಸ ಚೌಕಟ್ಟಿನ ಸಂಖ್ಯೆಗೆ ಹೊಂದಿಸಿದರು, ಮತ್ತು ಹಳೆಯದನ್ನು ಎಸೆಯಲು ಮನಸ್ಸಾಗದೆ ಯಾರೋ ಪುಣ್ಯಾತ್ಮರು ಮೂಲೆಯಲ್ಲಿ ಉಳಿಸಿಕೊಂಡರು.

ಸಂಖ್ಯೆ ಇರಬೇಕಾದ ಜಾಗದಲ್ಲಿ ತುಕ್ಕು ಆಳಕ್ಕೆ ಇಳಿದಿತ್ತು. ತಂತಿ ಬ್ರಷ್ಷಾಗಲಿ ಗ್ರೈಂಡರಾಗಲಿ ಅಲ್ಲಿಗೆ ಸುಳಿಯಬಾರದು ಎಂದು ಮಾಲೀಕರಿಗೆ ಮೊದಲೇ ಹೇಳಿದ್ದೆ. ಎಷ್ಟೋ ಕಾರುಗಳ ಗುರುತು ಅಳಿದಿರುವುದು ಕಾಲದಿಂದಲ್ಲ, ಅದನ್ನು ಓದುವ ಆತುರದಿಂದ. ಬಣ್ಣ ಕರಗಿಸುವ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಇಟ್ಟು, ಪದರವನ್ನು ಮೆತ್ತಗೆ ಮಾಡಿ, ಪ್ಲಾಸ್ಟಿಕ್ ಕಡ್ಡಿಯಿಂದ ಎಬ್ಬಿಸಿದೆವು. ಆಮೇಲೆ ಕೋಣೆಯನ್ನು ಕತ್ತಲು ಮಾಡಿ, ತಗಡಿಗೆ ಬಹುತೇಕ ಸಮಾನಾಂತರವಾಗಿ ಒಂದೇ ಕಡೆಯಿಂದ ಬೆಳಕು ಬಿಟ್ಟು, ಬೆಳಕಿನ ದಿಕ್ಕನ್ನು ಬದಲಿಸುತ್ತಾ ಚಿತ್ರ ತೆಗೆದೆವು. ಸಿಲಿಕೋನ್ ಅಚ್ಚನ್ನೂ ತೆಗೆದೆವು; ಕಣ್ಣಿಗೆ ತುಕ್ಕಿನ ಬಣ್ಣ ಗೊಂದಲ ಮಾಡುವ ಕಡೆ ಅಚ್ಚಿನ ಒಂದೇ ಬಣ್ಣದ ಮೈಯಲ್ಲಿ ಆಳ ಮಾತ್ರ ಕಾಣುತ್ತದೆ.

ಆಮ್ಲದಿಂದ ಸಂಖ್ಯೆಯನ್ನು ಮೇಲೆ ತರಬಹುದಲ್ಲವೇ ಎಂದು ಮಾಲೀಕರು ಕೇಳಿದರು. ಅಪರಾಧ ತನಿಖೆಯಲ್ಲಿ ಆ ವಿಧಾನ ಇದೆ. ಅಂಕಿಯನ್ನು ಒತ್ತಿದಾಗ ಅದರ ಕೆಳಗಿನ ಉಕ್ಕು ಕೂಡ ಬಿಗಿದುಕೊಂಡಿರುತ್ತದೆ. ಮೇಲಿನ ಅಂಕಿಯನ್ನು ಅರದಿಂದ ಉಜ್ಜಿ ಅಳಿಸಿದರೂ ತಾಮ್ರದ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಮಿಶ್ರಣ ಹಚ್ಚಿದಾಗ ಬಿಗಿದ ಉಕ್ಕು ಬೇರೆ ವೇಗದಲ್ಲಿ ಕರಗಿ, ಅಳಿದ ಅಂಕಿಯ ನೆರಳು ಕಾಣಿಸಿಕೊಳ್ಳುತ್ತದೆ. ಆದರೆ ಇಲ್ಲಿ ಅಂಕಿಯನ್ನು ಯಾರೂ ಉಜ್ಜಿರಲಿಲ್ಲ. ತುಕ್ಕು ಆ ಬಿಗಿದ ಪದರವನ್ನೇ ತಿಂದಿತ್ತು, ಮತ್ತು ಉಳಿದ ಗೆರೆಗಳನ್ನು ಆಮ್ಲ ನುಂಗಿಬಿಡುವ ಅಪಾಯವಿತ್ತು. ನಾನು ಒಪ್ಪಲಿಲ್ಲ.

ಮೊದಲ ನಾಲ್ಕು ಅಂಕಿಗಳು ಅನುಮಾನಕ್ಕೆಡೆಯಿಲ್ಲದೆ ಓದಿಬಂದವು: 8850. ಐದನೆಯದರಲ್ಲಿ ನೇರವಾದ ಒಂದು ಗೀಟು ಇತ್ತು, ಅದರ ತಲೆಯ ಭಾಗ ಗುಳಿಬಿದ್ದಿತ್ತು. ಅದು 1 ಅಥವಾ 7. ಆರನೆಯದಕ್ಕೆ ಕೆಳಗೆ ದುಂಡು ಹೊಟ್ಟೆಯಿತ್ತು, ಮೂರು ಅಂಕಿಗಳಲ್ಲಿ ಯಾವುದಾದರೂ ಆಗಬಹುದಿತ್ತು. ಅಂದರೆ ಒಟ್ಟು ಆರು ಸಾಧ್ಯತೆಗಳು. ಐದನೆಯದು 1 ಆಗಿದ್ದರೆ ಕಾರು ಹೊರಬೀಗದ ಇಪ್ಪತ್ತರಲ್ಲಿ ಒಂದು, 7 ಆಗಿದ್ದರೆ ಅಲ್ಲ. ಬೀಗದ ರಂಧ್ರಗಳ ಸಾಕ್ಷ್ಯದಿಂದ 1 ಎಂದೇ ನಾನು ನಂಬಿದ್ದೆ, ಆದರೆ ನನಗೆ ಇಷ್ಟವಾದ ಉತ್ತರಕ್ಕೆ ನನ್ನದೇ ಸಾಕ್ಷ್ಯವನ್ನು ಊರುಗೋಲು ಮಾಡುವುದು ತರವಲ್ಲವೆನಿಸಿತು. ಇದಕ್ಕೆ ಹೊರಗಿನ ದಾಖಲೆ ಬೇಕಿತ್ತು.

ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕಾರ್ಖಾನೆಯ ಮೂಲ ದಾಖಲೆಗಳ ಆಧಾರದಲ್ಲಿ ಪ್ರಮಾಣಪತ್ರ ಕೊಡುತ್ತದೆ. ಅದರಲ್ಲಿ ಚಾಸಿ, ಎಂಜಿನ್, ಗೇರ್‌ಬಾಕ್ಸ್ ಮತ್ತು ದೇಹದ ಸಂಖ್ಯೆಗಳು, ಮೂಲ ಬಣ್ಣಗಳು, ಕಾರ್ಖಾನೆಯಿಂದ ಹೊರಟ ದಿನ ಇರುತ್ತವೆ. ಮಾಲೀಕರು ಆರೂ ಸಾಧ್ಯತೆಗಳನ್ನು, ಎಲ್ಲ ಚಿತ್ರಗಳನ್ನು ಮತ್ತು ನನ್ನ ಟಿಪ್ಪಣಿಯನ್ನು ಲಗತ್ತಿಸಿ ಅರ್ಜಿ ಸಲ್ಲಿಸಿದರು. ಗೇರ್‌ಬಾಕ್ಸಿನ ಸಂಖ್ಯೆಯನ್ನು ಅರ್ಜಿಯಲ್ಲಿ ಬೇಕೆಂದೇ ಬರೆಯಲಿಲ್ಲ. ಕೊನೆಗೆ ಬಂದ ದಾಖಲೆಯಲ್ಲಿ, ಐದನೆಯ ಅಂಕಿ 1 ಇರುವ ಒಂದು ಕಾರಿನ ಗೇರ್‌ಬಾಕ್ಸ್ ಸಂಖ್ಯೆ ನಮ್ಮ ಎರಕದ ಮೇಲಿದ್ದ ಸಂಖ್ಯೆಯೊಂದಿಗೆ ಅಂಕಿಗೆ ಅಂಕಿ ಹೊಂದಿಕೊಂಡಿತ್ತು. ಕಾರು ಎಡಬದಿ ಸ್ಟಿಯರಿಂಗಿನದು, ಮೂಲ ಬಣ್ಣ ಪರ್ಲ್ ಗ್ರೇ. ಎಂಜಿನ್ ‘ಆರ್’ ಸರಣಿಯದು, ಅದು ನಮ್ಮಲ್ಲಿಲ್ಲ.

ವರದಿಯಲ್ಲಿ ಬರೆದದ್ದು

ದೇಹದ ಮಧ್ಯಭಾಗ, ಬಾಗಿದ ಅಡ್ಡ ಚೌಕಟ್ಟು ಮತ್ತು ಗೇರ್‌ಬಾಕ್ಸ್ ಒಂದೇ ಕಾರಿನವು, ಆ ಕಾರು ಹೊರಬೀಗದ ಎಡಬದಿ ಕೂಪೆಗಳಲ್ಲಿ ಒಂದು ಎಂಬುದನ್ನು ‘ಖಚಿತ’ ಎಂದು ಬರೆದೆ. ಬಾನೆಟ್ಟಿನ ತುಂಡುಗಳು ಮತ್ತು ವೈಪರ್ ಮೋಟಾರು ‘ಬಹುಮಟ್ಟಿಗೆ ಅದೇ ಕಾರಿನವು’. ಹಿಂಬದಿಯ ಪಂಜರ ‘ಅದೇ ಕಾಲದ್ದು, ಅದೇ ಕಾರಿನದೆನ್ನಲು ಆಧಾರವಿಲ್ಲ’. ಎಂಜಿನ್ ‘ಅನ್ಯ’. ಬೆಲೆ ಹೆಚ್ಚಾಗಬೇಕೆಂಬ ಆಸೆಯಿಂದ ಪಂಜರವನ್ನೂ ‘ಮೂಲ’ ಎಂಬ ಪಟ್ಟಿಗೆ ಸೇರಿಸುವಂತೆ ಮಾಲೀಕರು ಒಮ್ಮೆ ಕೇಳಿದರು; ಆಧಾರವಿಲ್ಲದ ಒಂದು ಪದ ಆಧಾರವಿರುವ ಹತ್ತು ಪದಗಳ ಬೆಲೆಯನ್ನೂ ಇಳಿಸುತ್ತದೆ ಎಂದು ವಿವರಿಸಿದ ಮೇಲೆ ಅವರೇ ಆ ಕೋರಿಕೆಯನ್ನು ಹಿಂದೆಗೆದುಕೊಂಡರು.

ನಮ್ಮಿಬ್ಬರ ನಡುವೆ ಹೆಚ್ಚು ಚರ್ಚೆಯಾದದ್ದು ಚೌಕಟ್ಟುಗಳ ಬಗ್ಗೆ. ಕಾರನ್ನು ಮತ್ತೆ ಕಟ್ಟಬೇಕಾದರೆ ಬಾಗಿದ ಅಡ್ಡ ಚೌಕಟ್ಟು ಉಪಯೋಗಕ್ಕೆ ಬಾರದು. ಅದನ್ನು ಕಾಯಿಸಿ ನೆಟ್ಟಗೆ ಮಾಡುವುದು, ಸಂಖ್ಯೆಯಿರುವ ತುಂಡನ್ನು ಕತ್ತರಿಸಿ ಹೊಸದಕ್ಕೆ ಬೆಸೆಯುವುದು, ಎರಡನ್ನೂ ನಾನು ವಿರೋಧಿಸಿದೆ. ಮೊದಲನೆಯದು ಚಾಲಕನ ಜೀವಕ್ಕೆ ಅಪಾಯ, ಎರಡನೆಯದು ಸಾಕ್ಷ್ಯಕ್ಕೆ. ಹೊಸ ಚೌಕಟ್ಟು ಹಾಕಿ, ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆದು ಅದರ ಮೇಲೆ ಸಂಖ್ಯೆ ಒತ್ತಿ, ಹಳೆಯ ಚೌಕಟ್ಟನ್ನು ಹಾಗೆಯೇ ಕಾರಿನ ಜೊತೆಗೆ ಖಾಯಂ ಇಡಬೇಕೆಂದು ಒಪ್ಪಂದವಾಯಿತು.

ನೀಲಿ ಕಾರಿನಿಂದ ಬಂದ ಚೌಕಟ್ಟಿನ ವಿಷಯ ಇನ್ನೂ ಸೂಕ್ಷ್ಮವಾಗಿತ್ತು. ಅದರ ಮೇಲಿನ ಸಂಖ್ಯೆ ಇನ್ನೊಂದು ನಿಜವಾದ ಕಾರಿನದು. ಆ ಕಾರಿನ ದೇಹ ಎಲ್ಲೋ ಬೇರೆ ಸಂಖ್ಯೆಯಡಿ ಇಂದಿಗೂ ಓಡಾಡುತ್ತಿರಬಹುದು. ಚೌಕಟ್ಟನ್ನೂ ರಸೀದಿಯನ್ನೂ ಒಟ್ಟಿಗೆ ಮಾರಿದರೆ ಅದರ ಸುತ್ತ ಮತ್ತೊಂದು ಕಾರು ಹುಟ್ಟಿಕೊಳ್ಳುತ್ತದೆ, ಆಗ ಒಂದು ಸಂಖ್ಯೆಗೆ ಇಬ್ಬರು ಹಕ್ಕುದಾರರಾಗುತ್ತಾರೆ. ರಸೀದಿಯ ಮೇಲೆ ಮಾಲೀಕರು ತಮ್ಮ ಕೈಯಿಂದಲೇ ‘ಈ ಸಂಖ್ಯೆ ಚೌಕಟ್ಟಿನದು ಮಾತ್ರ, ದೇಹದ್ದಲ್ಲ’ ಎಂದು ಬರೆದು ಸಹಿ ಹಾಕಿದರು. ಚೌಕಟ್ಟನ್ನು ಬಿಚ್ಚಿ, ಬಣ್ಣವನ್ನು ಮುಟ್ಟದೆ, ಕೆಳಗಿನ ನೀಲಿ ಕಾಣುವ ಹಾಗೆ ಎಣ್ಣೆಕಾಗದದಲ್ಲಿ ಸುತ್ತಿ, ಅದೇ ಉಗ್ರಾಣದ ತೊಲೆಗೆ ಕಟ್ಟಿಟ್ಟೆವು. ಆ ನೀಲಿ ಕಾರಿನ ದೇಹವನ್ನು ಇಟ್ಟುಕೊಂಡವರು ಎಂದಾದರೂ ತಮ್ಮ ಕಾರಿನ ಮುಂಭಾಗವನ್ನು ಹುಡುಕಿಕೊಂಡು ಬಂದರೆ ಅದು ಅಲ್ಲಿ ಇರುತ್ತದೆ.